ಸೋತವರ ಊರಿನ ಶಾಂಪೇನ್

ಶಾಂಪೇನ್ ಬಾಟಲಿ ಕೈಗೆ ಬಂದರೆ ಮುಂದಿನ ಚೀಟಿಯ ಬಂಗಾರದ ಹೆಸರನ್ನು ನಾನು ಆಮೇಲೆ ಓದುತ್ತೇನೆ. ಮೊದಲು ಚೀಟಿಯ ಕೆಳ ಅಂಚಿನಲ್ಲಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣದಾಗಿ ಅಚ್ಚು ಹಾಕಿರುವ ಎರಡು ಅಕ್ಷರ ಹುಡುಕುತ್ತೇನೆ. ಎನ್‌ಎಂ ಎಂದಿದ್ದರೆ ಅದು ದ್ರಾಕ್ಷಿ ಕೊಂಡು ವೈನ್ ಮಾಡುವ ವರ್ತಕರ ಮನೆ. ಆರ್‌ಎಂ ಎಂದಿದ್ದರೆ ತನ್ನ ತೋಟದ ಹಣ್ಣಿನಿಂದ ತಾನೇ ವೈನ್ ಮಾಡಿ ತನ್ನ ಹೆಸರಿನಲ್ಲೇ ಮಾರುವ ಬೆಳೆಗಾರ. ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಹಣ್ಣನ್ನು ಅವನು ಹೊರಗಿನಿಂದ ತರುವಂತಿಲ್ಲ. ಸಿಎಂ ಎಂದರೆ ವಿಧಾನಸೌಧದವರಲ್ಲ, ಬೆಳೆಗಾರರ ಸಹಕಾರ ಸಂಘ.

ಬೆಂಗಳೂರಿನ ಒಂದು ಹೋಟೆಲಿಗೆ ವೈನ್ ಕೊಳ್ಳುವ ಕೆಲಸದಲ್ಲಿ ನನ್ನ ಅರ್ಧ ಆಯಸ್ಸು ಹೋಯಿತು. ಕೆಲಸ ಬಿಟ್ಟರೂ ಫೋನು ಬಿಟ್ಟಿಲ್ಲ. "ಮಾವ, ಪ್ರಮೋಶನ್ ಆಗಿದೆ, ಪ್ಯಾರಿಸ್ಸಿಂದ ಬರ್ತಾ ಒಂದು ಶಾಂಪೇನ್ ತರೋಣ ಅಂತ. ಚೆನ್ನಾಗಿರ್ಬೇಕು, ಆದ್ರೆ ಜೇಬು ಹರೀಬಾರ್ದು, ಯಾವುದು ತರ್ಲಿ?" ಎಂದು ಅಕ್ಕನ ಮಗ ಕೇಳುತ್ತಾನೆ. ಸೋತವರ ಊರಿನದ್ದು ತಗೊಂಡು ಬಾ ಅನ್ನುತ್ತೇನೆ. ಅವನಿಗೆ ಇದು ಮಾವನ ತಲೆಹರಟೆ. ನನಗೆ ಮಾತ್ರ ಇದಕ್ಕಿಂತ ನೇರವಾಗಿ ಹೇಳಲು ಬರುವುದಿಲ್ಲ. ಶಾಂಪೇನಿನ ದರದಲ್ಲಿ ಮಣ್ಣು, ಬಿಸಿಲುಗಳ ಪಾಲು ಎಷ್ಟಿದೆಯೋ, ನೂರು ವರ್ಷದ ಹಿಂದೆ ಯಾರು ಯಾರನ್ನು ಗಡಿಯಿಂದ ಹೊರಗಿಟ್ಟರು ಎಂಬುದರ ಪಾಲೂ ಅಷ್ಟೇ ಇದೆ.

ಶಾಂಪೇನ್ ಎಂಬ ವ್ಯಾಪಾರವನ್ನು ಕಟ್ಟಿದವರು ತೋಟದವರಲ್ಲ. ವೈನನ್ನು ಬಾಟಲಿಯಲ್ಲೇ ತುಂಬಿ ಸಾಗಿಸಬಹುದು ಎಂದು 15ನೇ ಲೂಯಿ ಅಪ್ಪಣೆ ಕೊಟ್ಟಿದ್ದು 1728ರಲ್ಲಿ. ಮರುವರ್ಷವೇ ರಾನ್ಸ್ ನಗರದ ಬಟ್ಟೆ ವ್ಯಾಪಾರಿ ಮನೆತನದ ನಿಕೊಲಾ ರುಯಿನಾರ್ ಅಂಗಡಿ ತೆರೆದ. ಮುಂದಿನ ಶತಮಾನದಲ್ಲಿ ಜರ್ಮನಿಯ ಕಡೆಯಿಂದ ಮುಮ್, ಬೊಲಿಂಜೆ, ಕ್ರುಗ್ ಮುಂತಾದವರು ಬಂದರು. ಈ ವೈನು ಬಾಟಲಿಯೊಳಗೇ ಎರಡನೇ ಸಲ ಹುಳಿಯಬೇಕು, ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿ ಮಲಗಬೇಕು. ಇವತ್ತಿನ ಕಾನೂನಿನ ಪ್ರಕಾರವೂ ಕನಿಷ್ಠ 15 ತಿಂಗಳು. ಆ ಕಾಲದಲ್ಲಂತೂ ಒಳಗಿನ ಒತ್ತಡಕ್ಕೆ ಬಾಟಲಿಗಳು ಸಾಲುಸಾಲಾಗಿ ಸಿಡಿಯುತ್ತಿದ್ದವು. ಅಷ್ಟು ದಿನ ದುಡ್ಡು ಹೂತಿಟ್ಟು, ಅಷ್ಟು ನಷ್ಟ ತಡೆದುಕೊಳ್ಳುವ ಶಕ್ತಿ ಇದ್ದದ್ದು ವರ್ತಕರಿಗೆ ಮಾತ್ರ.

ಬೆಳೆಗಾರನ ಕೈಯಲ್ಲಿದ್ದದ್ದು ತುಂಡು ನೆಲ. ನೆಪೋಲಿಯನ್ನನ 1804ರ ಸಂಹಿತೆ ಬಂದ ಮೇಲೆ ಅಪ್ಪನ ಆಸ್ತಿ ಎಲ್ಲ ಮಕ್ಕಳಿಗೂ ಸಮಪಾಲಾಯಿತು. ತಲೆಮಾರಿಗೊಮ್ಮೆ ತೋಟ ಇನ್ನಷ್ಟು ಕಿರಿದಾಯಿತು. ಈಗಲೂ ಶಾಂಪೇನಿನ ಸುಮಾರು 34,000 ಹೆಕ್ಟೇರಿನಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ಒಂಬತ್ತು ಪಾಲು ಬೆಳೆಗಾರರದೇ. ಮಾರಾಟವಾಗುವ ಬಾಟಲಿಗಳಲ್ಲಿ ಮಾತ್ರ ಮೂರನೇ ಎರಡಕ್ಕಿಂತ ಹೆಚ್ಚು ದೊಡ್ಡ ಮನೆಗಳದು.

ಕೊಯ್ಲು ಬಂದಾಗ ವರ್ತಕರ ದಲ್ಲಾಳಿಗಳು ಹಳ್ಳಿಗೆ ಇಳಿಯುತ್ತಿದ್ದರು. ದರ ಅವರು ಹೇಳಿದ್ದು. ಒಪ್ಪದಿದ್ದರೆ ಹಣ್ಣು ಬಳ್ಳಿಯಲ್ಲೇ ಕೊಳೆಯಬೇಕು, ಏಕೆಂದರೆ ಹಿಂಡುವ ಗಾಣವೂ ಬಹುಪಾಲು ಅವರದೇ. ಇದನ್ನು ನನಗೆ ಯಾವ ಪುಸ್ತಕವೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೊಡ್ಡಬಳ್ಳಾಪುರದ ಕಡೆ ನಮ್ಮಪ್ಪ ಚಪ್ಪರದಲ್ಲಿ ಬೆಂಗಳೂರು ನೀಲಿ ಬೆಳೆಯುತ್ತಿದ್ದವರು. ಮಂಡಿಯವನು ದರ ಕೂಗುವಾಗ ಅಪ್ಪನ ಕಣ್ಣು ಅವನ ಮುಖದ ಮೇಲಲ್ಲ, ಬುಟ್ಟಿಯ ತಳದಲ್ಲಿ ಒಸರುವ ರಸದ ಮೇಲೆ ಇರುತ್ತಿತ್ತು.

1890ರ ದಶಕದಲ್ಲಿ ಶಾಂಪೇನಿಗೆ ಫಿಲಾಕ್ಸೆರಾ ಎಂಬ ಬೇರು ಹೀರುವ ಹೇನು ಹರಡಿತು. ಇಡೀ ಫ್ರಾನ್ಸಿನ ದ್ರಾಕ್ಷಿಯನ್ನು ಅದಾಗಲೇ ಮುಗಿಸುತ್ತಾ ಬಂದಿದ್ದ ಕೀಟ. ಉಳಿದ ದಾರಿ ಒಂದೇ: ಅಮೆರಿಕದ ಬಳ್ಳಿಯ ಬೇರಿಗೆ ಫ್ರೆಂಚ್ ಕಡ್ಡಿ ಕಸಿ ಕಟ್ಟುವುದು. ಹಳೆ ಬಳ್ಳಿ ಕಿತ್ತು, ಸಾಲ ಮಾಡಿ, ಹೊಸದು ನೆಟ್ಟು, ಫಸಲಿಗೆ ವರ್ಷಗಟ್ಟಲೆ ಕಾಯಬೇಕು. (ನಮ್ಮ ಬೆಂಗಳೂರು ನೀಲಿಯದೂ ಅಮೆರಿಕದ ರಕ್ತವೇ. ಅದರ ಬಳಗದ ಇಸಬೆಲ್ ತಳಿಯನ್ನು ಫ್ರಾನ್ಸ್ 1934ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮರ್ಯಾದೆ ಸಿಕ್ಕಿತು.)

ಆಮೇಲೆ 1907ರಿಂದ ಸಾಲು ಸಾಲಾಗಿ ಕೆಟ್ಟ ವರ್ಷಗಳು. 1910ರಲ್ಲಿ ಮಳೆ, ಆಲಿಕಲ್ಲು, ನಮ್ಮವರು 'ಡೌನಿ' ಎನ್ನುವ ಬೂಜು ತುಪ್ಪಟ ಎಲ್ಲ ಸೇರಿ ಬೆಳೆ ಕೈಗೆ ಬರಲೇ ಇಲ್ಲ. ಬಳ್ಳಿಯಲ್ಲಿ ಹಣ್ಣಿಲ್ಲ, ಆದರೆ ವರ್ತಕರ ಪಟ್ಟಣ ಎಪರ್ನೆಯ ನೆಲಮಾಳಿಗೆಗಳಿಂದ ಶಾಂಪೇನ್ ಹೊರಡುವುದು ನಿಂತಿಲ್ಲ! ಲೋಯಿರ್ ಕಣಿವೆಯಿಂದ, ದಕ್ಷಿಣದಿಂದ ರೈಲಿನಲ್ಲಿ ಅಗ್ಗದ ವೈನ್ ಬಂದು ಇಳಿಯುತ್ತಿತ್ತು. ಎಲ್ಲ ವರ್ತಕರೂ ಹಾಗೆ ಮಾಡಲಿಲ್ಲ. ಮಾಡಿದವರು ಯಾರೆಂದು ಹಳ್ಳಿಗಳಿಗೆ ಗೊತ್ತಿತ್ತು.

1911ರ ಜನವರಿ 17ರಂದು ಮಾರ್ನ್ ನದಿ ದಂಡೆಯ ದಾಮ್‌ರಿ ಹಳ್ಳಿಯಲ್ಲಿ ಬೆಳೆಗಾರರು ಹೊರಗಿನ ವೈನ್ ಹೇರಿದ್ದ ಗಾಡಿಯನ್ನು ಅಡ್ಡಗಟ್ಟಿದರು. ಪೀಪಾಯಿಗಳು ನದಿ ಸೇರಿದವು. ಸರ್ಕಾರ ಸೈನ್ಯ ಕಳಿಸಿತು, ಜೊತೆಗೆ ಮೋಸ ತಡೆಯುವ ಕಾನೂನನ್ನೂ ಬಿಗಿ ಮಾಡಿತು. ಅಲ್ಲಿಗೆ ಜಗಳ ಬೆಳೆಗಾರ ಮತ್ತು ವರ್ತಕರ ನಡುವಿನದಷ್ಟೇ ಆಗಿ ಉಳಿಯಲಿಲ್ಲ. ಬೆಳೆಗಾರರೇ ಎರಡು ಬಣವಾದರು. ಶಾಂಪೇನ್ ಎಲ್ಲಿಂದ ಎಲ್ಲಿಯವರೆಗೆ ಎಂದು 1908ರ ಡಿಸೆಂಬರಿನಲ್ಲೇ ಒಂದು ಆದೇಶ ಗೆರೆ ಎಳೆದಿತ್ತು. ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಆಚೆಯ ಓಬ್ ಜಿಲ್ಲೆ ಗೆರೆಯ ಹೊರಗೆ ಬಿದ್ದಿತ್ತು. ಅದುವರೆಗೆ ವರ್ತಕರು ಅಲ್ಲಿಂದಲೂ ಹಣ್ಣು ಕೊಳ್ಳುತ್ತಿದ್ದವರೇ. ಇನ್ನೂ ಚೋದ್ಯವೆಂದರೆ, ಓಬ್‌ನ ಮುಖ್ಯ ಪಟ್ಟಣ ತ್ರುವಾ ಹಿಂದೆ ಶಾಂಪೇನ್ ಪಾಳೆಯಗಾರರ ರಾಜಧಾನಿ. ರಾಜಧಾನಿಯನ್ನೇ ಸೀಮೆಯಿಂದ ಹೊರಗಿಟ್ಟ ಗೆರೆ ಅದು.

ಓಬ್‌ನವರು ಸುಮ್ಮನಿರಲಿಲ್ಲ. ಪಂಚಾಯಿತಿ ಸದಸ್ಯರು ರಾಜೀನಾಮೆ ಕೊಟ್ಟರು, ತೆರಿಗೆ ಕಾಗದಗಳಿಗೆ ಬೆಂಕಿ ಹಚ್ಚಿದರು. ಗಾಸ್ತೋಂ ಶೆಕ್ ಎಂಬ ಮಾತುಗಾರ ಮುಂದಾಳಾದ. ಏಪ್ರಿಲ್ 9ರಂದು ಹತ್ತಾರು ಸಾವಿರ ಜನ ತ್ರುವಾ ಬೀದಿಗಳಲ್ಲಿ ಗುದ್ದಲಿ ಹೆಗಲಿಗಿಟ್ಟು ನಡೆದರು. ಅಂಜಿದ ಸೆನೆಟ್ ಎರಡು ದಿನದ ಮೇಲೆ, ಈ ಗೆರೆಗಳೇ ಬೇಡ ಎಂಬ ಕಡೆಗೆ ವಾಲಿತು. ಸುದ್ದಿ ಮಾರ್ನ್ ಕಣಿವೆಗೆ ಮುಟ್ಟಿದ ರಾತ್ರಿಯೇ ಅಲ್ಲಿಯವರು ಎದ್ದರು. ಏಪ್ರಿಲ್ 12ರಂದು ಆಯಿ ಪಟ್ಟಣದಲ್ಲಿ ವರ್ತಕರ ಮನೆ, ಗೋದಾಮುಗಳು ಉರಿದವು. ಒಡೆದ ಪೀಪಾಯಿಗಳ ವೈನು ಬೀದಿಯ ಚರಂಡಿಯಲ್ಲಿ ಹರಿಯಿತು. ಆಯಿಯವರಿಗೆ ಗೆರೆ ಬೇಕು, ಓಬ್‌ನವರಿಗೆ ಗೆರೆಯೊಳಗೆ ಜಾಗ ಬೇಕು. ಇಬ್ಬರದೂ ನ್ಯಾಯವೇ ಎಂದು ನನಗನ್ನಿಸುತ್ತದೆ. ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರನ್ನು ಎತ್ತಿ ಕಟ್ಟಿದ ಆ ಆದೇಶದ ಮೇಲೆ ಮಾತ್ರ ನನಗೆ ಮರುಕವಿಲ್ಲ.

ಜೂನ್‌ನಲ್ಲಿ ಸರ್ಕಾರ ಒಂದು ತೇಪೆ ಹಾಕಿತು: ಓಬ್ 'ಎರಡನೇ ವಲಯದ ಶಾಂಪೇನ್'. ಬಾಟಲಿಯ ಮೇಲೆ 'ಎರಡನೇ ವಲಯ' ಎಂದು ಬರೆದು ಯಾರಿಗೆ ಮಾರುತ್ತೀರಿ? ಅದು ಅಳಿಸಿ ಓಬ್ ಪೂರ್ತಿ ಒಳಗೆ ಬಂದದ್ದು 1927ರ ಜುಲೈ 22ರ ಕಾನೂನಿನಿಂದ. ಆದರೆ ಅಷ್ಟರಲ್ಲಿ ಇನ್ನೊಂದು ಏಣಿ ನಿಂತುಬಿಟ್ಟಿತ್ತು. ಹಳ್ಳಿ ಹಳ್ಳಿಗೂ ಶೇಕಡಾ ಅಂಕ ಕೊಟ್ಟು, ವರ್ಷಕ್ಕೊಮ್ಮೆ ನಿಗದಿಯಾದ ಕಿಲೋ ದರದಲ್ಲಿ ಅಷ್ಟು ಪಾಲು ಅವರಿಗೆ ಎಂದು ಕಟ್ಟುವ ಪದ್ಧತಿ. ನೂರಕ್ಕೆ ನೂರು ಪಡೆದ ಊರುಗಳು ಗ್ರಾಂ ಕ್ರು, ತೊಂಬತ್ತರ ಮೇಲಿನವು ಪ್ರೆಮಿಯೆ ಕ್ರು. ಇಂದಿಗೂ ಗ್ರಾಂ ಕ್ರು ಊರುಗಳು 17. ಓಬ್‌ನ ಒಂದು ಹಳ್ಳಿಯೂ ಅದರಲ್ಲಿಲ್ಲ, ಎರಡನೇ ಮೆಟ್ಟಿಲಲ್ಲೂ ಇಲ್ಲ. ಶೇಕಡಾ ಲೆಕ್ಕವನ್ನು 2010ರ ಹೊತ್ತಿಗೆ ಕೈಬಿಟ್ಟರೂ ಬಿರುದುಗಳು ಉಳಿದವು, ಬಿರುದಿನ ಹಿಂದೆ ದರವೂ ಉಳಿಯಿತು.

ಬೆಳೆಗಾರ ತಾನೇ ಬಾಟಲಿ ತುಂಬತೊಡಗಿದ್ದು ಹುಮ್ಮಸ್ಸಿನಿಂದಲ್ಲ, ಹಣ್ಣು ಕೊಳ್ಳುವವರಿಲ್ಲದೆ. ದೀಝಿ ಊರಿನ ಶಿಕೆ ಸಹೋದರರು ಮೊದಲ ಮಹಾಯುದ್ಧ ಮುಗಿದ ಕೂಡಲೇ, 1919ರಲ್ಲಿ, ಹಣ್ಣು ಮಾರದೆ ತಾವೇ ವೈನ್ ಮಾಡಲು ಹೊರಟವರು. ಮಾಯಿ ಊರಿನವರು 1929ರಲ್ಲಿ ಸಹಕಾರ ಸಂಘ ಕಟ್ಟಿ, ಚಳಿಗಾಲದಲ್ಲಿ ತೋಟದ ಕೆಲಸ ಕಡಿಮೆಯಾದಾಗ ಸುಣ್ಣದ ಗುಡ್ಡದೊಳಗೆ ತಮ್ಮ ಕೈಯಿಂದಲೇ ನೆಲಮಾಳಿಗೆ ಅಗೆದರು. ಆಮೇಲೆ ಬಂದ ಆರ್ಥಿಕ ಕುಸಿತದಲ್ಲಿ ವರ್ತಕರು ಕೊಳ್ಳುವುದನ್ನೇ ನಿಲ್ಲಿಸಿದಾಗ ಇನ್ನಷ್ಟು ಮನೆಗಳು ಈ ದಾರಿ ಹಿಡಿದವು. ಕ್ವಿ ಊರಿನ ಪಿಯೆರ್ ಜಿಮೊನೆ 1935ರಲ್ಲಿ ತನ್ನ ಹೆಸರಿನ ಬಾಟಲಿ ಹೊರಗೆ ತಂದ.

1941ರಲ್ಲಿ, ಜರ್ಮನ್ ಸೈನ್ಯ ದೇಶವನ್ನು ಆಕ್ರಮಿಸಿ ಕೂತಿದ್ದಾಗ, ಜಗಳವಾಡಿದ್ದ ಎರಡೂ ಕಡೆಯವರು ಒಂದೇ ಮೇಜಿಗೆ ಬಂದರು. ವರ್ತಕರ ಕಡೆಯಿಂದ ಮೋಯೆಟ್‌ನ ರೋಬೆರ್-ಝಾನ್ ದ ವೊಗ್ಯುವೆ, ಬೆಳೆಗಾರರ ಕಡೆಯಿಂದ ಮೊರೀಸ್ ದ್ವಾಯಾರ್. ಇಬ್ಬರ ಜಂಟಿ ಸಮಿತಿಗೆ ಕಾನೂನಿನ ಮುದ್ರೆ ಬಿದ್ದದ್ದು ಏಪ್ರಿಲ್ 12ರಂದು. ಆಯಿ ಉರಿದು ಸರಿಯಾಗಿ ಮೂವತ್ತು ವರ್ಷ. ಶಾಂಪೇನಿನ ಕಟ್ಟಳೆಗಳನ್ನು ಇವತ್ತಿಗೂ ಕಾಯುವುದು ಆ ಸಮಿತಿಯೇ.

ಈ ಬೆಳೆಗಾರರ ಕಡೆಯಿಂದ ನಮ್ಮ ತಾಲ್ಲೂಕಿಗೂ ಒಂದು ಎಳೆ ಬಂದಿದೆ. ಬೂಝಿ ಎಂಬ ಗ್ರಾಂ ಕ್ರು ಹಳ್ಳಿಯ ಝೋರ್ಜ್ ವೆಸೆಲ್ ಊರಿನ ಮೇಯರ್ ಆಗಿದ್ದವರು, ಮುಮ್ ಮನೆಯ ತಾಂತ್ರಿಕ ಹೊಣೆ ಹೊತ್ತವರು, ಜೊತೆಗೆ ತಮ್ಮದೇ ಹೆಸರಿನ ಮನೆತನದ ಶಾಂಪೇನೂ ಇತ್ತು. ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಭಾರತದಲ್ಲಿ ಫ್ರೆಂಚ್ ತಳಿ ಬೆಳೆಯುವ ಹಟ ಹಿಡಿದಾಗ ನೆರವಿಗೆ ನಿಂತವರು ಇವರೇ. ಕೊನೆಗೆ ತೋಟ ಎದ್ದದ್ದು ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ. ಮೊದಲ ವೈನ್ 1992ರಲ್ಲಿ ಬಂತು. ಚಪ್ಪರವಿಲ್ಲದೆ ತಂತಿಗೆ ಹಬ್ಬಿಸಿದ, ಸೊಂಟದೆತ್ತರದ ಬಳ್ಳಿ ನೋಡಿ ನಮ್ಮ ಕಡೆಯವರು, "ಇದೇನ್ ದ್ರಾಕ್ಷಿ ತೋಟಾನೋ, ಹುರುಳಿಕಾಯಿ ತೋಟಾನೋ" ಎಂದು ನಕ್ಕಿದ್ದುಂಟು. ನಮ್ಮಪ್ಪನೂ ನಕ್ಕವರಲ್ಲಿ ಒಬ್ಬರು.

ಇನ್ನು ಅಕ್ಕನ ಮಗನ ಪ್ರಶ್ನೆ. ಓಬ್‌ನ ದಕ್ಷಿಣ ಭಾಗವಾದ ಕೋತ್ ದೆ ಬಾರ್‌ನಲ್ಲಿ ಸೆಲ್-ಸುರ್-ಊರ್ಸ್, ಲೆ ರಿಸೆ ಮೊದಲಾದ ಹಳ್ಳಿಗಳ ಆರ್‌ಎಂ ಬಾಟಲಿ ಹುಡುಕು. ಮಣ್ಣು ಎಪರ್ನೆಯ ಬಿಳಿ ಸೀಮೆಸುಣ್ಣವಲ್ಲ, ಪಕ್ಕದ ಶಾಬ್ಲಿಯ ಸುಣ್ಣ ಬೆರೆತ ಜೇಡಿ. ಬಳ್ಳಿ ಹೆಚ್ಚಾಗಿ ಪಿನೋ ನ್ವಾರ್. ರುಚಿ ತುಂಬಿಕೊಂಡಿರುತ್ತದೆ, ಹಣ್ಣು ಮಾಗಿದ್ದು ಗೊತ್ತಾಗುತ್ತದೆ. ಅಲ್ಲಿಗೇ ಹೋಗಿ ತೋಟದ ಬಾಗಿಲಲ್ಲಿ ಕೊಂಡರೆ ಇಪ್ಪತ್ತು ಚಿಲ್ಲರೆ ಯೂರೋಗೆ ಸಿಗುವುದುಂಟು. ಹೆಸರಾಂತ ಮನೆಗಳ ಮಾಮೂಲಿ ಬಾಟಲಿಗೆ ಅಂಗಡಿಯಲ್ಲಿ ಅದರ ಎರಡರಷ್ಟು ಕೊಡಬೇಕು. ಆ ಮನೆಗಳೂ ಓಬ್‌ನ ಹಣ್ಣು ಕೊಳ್ಳುತ್ತವೆ, ಊರಿನ ಹೆಸರು ಮಾತ್ರ ಚೀಟಿಗೆ ಹತ್ತುವುದಿಲ್ಲ.

ಎರಡನೆಯದು ಮ್ಯುನಿಯೆ. ತಡವಾಗಿ ಚಿಗುರುವ ತಳಿ, ಆದ್ದರಿಂದ ವಸಂತದ ಹಿಮಕ್ಕೆ ಅಷ್ಟು ಬೇಗ ಸಿಕ್ಕುವುದಿಲ್ಲ. ಮಾರ್ನ್ ಕಣಿವೆಯ ತಗ್ಗು ತೋಟಗಳ ಬೆಳೆ. ಒರಟು, ಬಹಳ ದಿನ ನಿಲ್ಲದು ಎಂದು ದೊಡ್ಡವರು ಮೂಗು ಮುರಿದದ್ದೇ ಹೆಚ್ಚು. ಕ್ರುಗ್ ಮನೆಯವರು ಮಾತ್ರ ತಮ್ಮ ಮಿಶ್ರಣದಲ್ಲಿ ಅದನ್ನು ಬಿಟ್ಟಿಲ್ಲ ಎಂಬುದನ್ನು ಮೂಗು ಮುರಿಯುವವರಿಗೆ ನೆನಪಿಸುತ್ತಿರುತ್ತೇನೆ. ಗ್ರಾಂ ಕ್ರು ಎಂಬ ಬಿರುದೇ ಬೇಕೆಂದರೆ ಮಾಯಿ ಸಂಘದ್ದು ತಗೊ. ಅದೇ ದರ್ಜೆಯ ಹಣ್ಣಿಗೆ ಬೇರೆಡೆ ಇನ್ನೂ ಹೆಚ್ಚು ತೆರಬೇಕಾಗುತ್ತದೆ. ಅವೀಝ್‌ನ ಸೆಲೋಸ್‌ನಂಥ ಬೆಳೆಗಾರರ ಹೆಸರು ಹೇಳಿ ಯಾರಾದರೂ ಆಸೆ ತೋರಿಸಿದರೆ ಕೇಳಿಸಿಕೊಂಡು ಸುಮ್ಮನಾಗು. ಅವರ ವೈನು ಅದ್ಭುತವೇ, ದರ ಈಗ ದೊಡ್ಡ ಮನೆಗಳನ್ನೂ ದಾಟಿದೆ.

ಆರ್‌ಎಂ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಎಳೆಯದಾಗಿ ಬಾಟಲಿ ತೆಗೆದು, ಹುಳಿ ಮುಚ್ಚಲು ಸಕ್ಕರೆ ಸುರಿದ ಬೆಳೆಗಾರರ ವೈನನ್ನೂ ಕುಡಿದಿದ್ದೇನೆ. ಹಿಂದಿನ ಚೀಟಿಯಲ್ಲಿ ಗಸಿ ತೆಗೆದ ತಿಂಗಳು, ಸಕ್ಕರೆಯ ಪ್ರಮಾಣ ಅಚ್ಚು ಹಾಕಿದ್ದರೆ ಅಂಥವರನ್ನು ನಂಬಬಹುದು. ಆರ್‌ಸಿ ಎಂಬ ಇನ್ನೊಂದು ಗುರುತಿದೆ: ಸಂಘಕ್ಕೆ ಹಣ್ಣು ಹಾಕಿ, ಸಂಘ ಮಾಡಿದ ಬಾಟಲಿ ವಾಪಸು ತಂದು ತನ್ನ ಚೀಟಿ ಅಂಟಿಸುವವನು. ಕುಡಿಯಲು ತೊಂದರೆಯಿಲ್ಲ, ಆದರೆ ಪಕ್ಕದ ಮನೆಯ ಬೇರೆ ಹೆಸರಿನ ಬಾಟಲಿಯಲ್ಲೂ ಅದೇ ವೈನ್ ಇರಬಹುದು.

ಸಕ್ಕರೆಯೇ ಇಲ್ಲದ ಬಗೆಯನ್ನು ನಮ್ಮ ಖಾರದ ಊಟಕ್ಕೆ ತರಬೇಡ, ಬಾಯಿ ಉರಿಯುತ್ತದೆ. ಮಾಮೂಲಿ ಬ್ರೂಟ್ ಸಾಕು. ಜೊತೆಗೆ ಚೀಸು ಹುಡುಕಿಕೊಂಡು ಅಲೆಯಬೇಕಿಲ್ಲ. ಉಪ್ಪು, ಎಣ್ಣೆ, ಗರಿಗರಿ ಇದ್ದರೆ ಶಾಂಪೇನ್ ಒಪ್ಪುತ್ತದೆ. ಬೆಂಗಳೂರಿನ ಕಾಂಗ್ರೆಸ್ ಕಡಲೆಬೀಜದ ಮುಂದೆ ಫ್ರೆಂಚರ ಯಾವ ತಿಂಡಿಯೂ ನಿಲ್ಲದು ಎಂಬ ನನ್ನ ಮಾತನ್ನು ಹೋಟೆಲಿನ ಫ್ರೆಂಚ್ ಬಾಣಸಿಗರೊಬ್ಬರು ಒಪ್ಪಿರಲಿಲ್ಲ, ತಟ್ಟೆಯನ್ನಂತೂ ಖಾಲಿ ಮಾಡಿದ್ದರು.

ಇಲ್ಲಿಯೇ ಕೊಳ್ಳುತ್ತೇನೆಂದರೆ ಆಮದು ಸುಂಕ, ಅಬಕಾರಿ ಎಲ್ಲ ಕೂಡಿ ಬೆಳೆಗಾರನ ಅಗ್ಗದ ಬಾಟಲಿಯೂ ಅಗ್ಗವಾಗಿ ಉಳಿಯುವುದಿಲ್ಲ, ಸಿಗುವುದೂ ಅಪರೂಪ. ಹೊರದೇಶದಿಂದ ಬರುವಾಗ ಒಬ್ಬರಿಗೆ ಸುಂಕವಿಲ್ಲದೆ ಎರಡು ಲೀಟರ್ ಬಿಡುತ್ತಾರೆ, ಅಂದರೆ ಎರಡು ಬಾಟಲಿ. ಒಂದು ಓಬ್‌ನದು, ಒಂದು ದಾಮ್‌ರಿ ಕಡೆಯ ಮ್ಯುನಿಯೆ ಇರಲಿ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಬಹುಪಾಲು ದೊಡ್ಡ ಮನೆಗಳದೇ ಸಾಲು, ಊರೊಳಗಿನ ಸಣ್ಣ ವೈನ್ ಅಂಗಡಿಗೆ ಹೋಗಿ ಕೇಳು, ಬಟ್ಟೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ನಡುವೆ ಇಡು.