ಸೊಲ್ಲಾಪುರಕ್ಕೆ ಹೊಸದಾಗಿ ಬಂದವರಿಗೆ: ಹಕ್ಕಿ ನೋಡಲು ಎಲ್ಲಿಂದ ಶುರು ಮಾಡುವುದು?

ವರ್ಗಾವಣೆ, ಮದುವೆ, ವ್ಯಾಪಾರ ಎಂದು ಸೊಲ್ಲಾಪುರಕ್ಕೆ ಬಂದು ನೆಲೆಸುವವರಲ್ಲಿ ಹಕ್ಕಿ ನೋಡುವ ಹವ್ಯಾಸದವರೂ ಇರುತ್ತಾರೆ. ಮಲೆನಾಡಿನಿಂದ ಬಂದವರಿಗೆ ಈ ಬಯಲು ಮೊದಮೊದಲು ಬರಿದಾಗಿ ಕಾಣುತ್ತದೆ. ಇಲ್ಲಿ ಕಾಡು ಹುಡುಕಬೇಡಿ. ಕೆರೆ ಮತ್ತು ಹುಲ್ಲುಗಾವಲು ನೋಡಿ. ಜೊತೆಗೆ ಹಕ್ಕಿಗಳ ಮರಾಠಿ ಹೆಸರು ಕಲಿಯಿರಿ.

ಮೊದಲು ಸಿದ್ಧರಾಮೇಶ್ವರ ಗುಡಿಯ ಕೆರೆ. ನೀರುಕಾಗೆ, ಬೆಳ್ಳಕ್ಕಿ, ಕೊಳಬಕಗಳು ಜನರ ಗದ್ದಲಕ್ಕೆ ಅಂಜುವುದಿಲ್ಲ. ಆಮೇಲೆ ಸಂಭಾಜಿ ತಲಾವ್ (ಹಳಬರಿಗೆ ಅದು ಕಂಬರ ತಲಾವ್), ತುಳಜಾಪುರ ದಾರಿಯ ಹಿಪ್ಪರಗಾ ಕೆರೆ. ಹತ್ತು ಕಡೆ ಒಮ್ಮೊಮ್ಮೆ ಹೋಗುವುದಕ್ಕಿಂತ ಒಂದೇ ಕೆರೆಗೆ ವಾರಕ್ಕೊಮ್ಮೆ, ಅದೇ ಹೊತ್ತಿಗೆ ಹೋಗಿ ಎಣಿಸಿ ಬರೆದಿಡುವುದು ಮೇಲು. ನವೆಂಬರ್‌ನಿಂದ ಫೆಬ್ರವರಿವರೆಗೆ ವಲಸೆ ಬಾತುಗಳ ಕಾಲ. 8×42 ದುರ್ಬೀನು ಸಾಕು. ಕ್ಯಾಮೆರಾಕ್ಕೆ ಅವಸರವಿಲ್ಲ.

ಇನ್ನು ಹೆಸರು. ಹೊಲದಲ್ಲಿ ನಿಂತು ‘ಕಾಜಾಣ’ ಎಂದರೆ ಮರಾಠಿ ರೈತನಿಗೆ ತಿಳಿಯದು. ‘ಕೋತವಾಲ’ ಎಂದರೆ ಕೂಡಲೇ ತಂತಿಯತ್ತ ಕೈ ತೋರುತ್ತಾನೆ. ಕಾಗೆ, ಗಿಡುಗಗಳನ್ನೂ ಅಟ್ಟಿಸಿಕೊಂಡು ಹೋಗುವ ಹಕ್ಕಿಗೆ ಒಪ್ಪುವ ಹೆಸರೇ. ಗೀಜಗ ಇಲ್ಲಿ ಸುಗರಣ, ಗೊರವಂಕ ಸಾಳುಂಕಿ, ಮಿಂಚುಳ್ಳಿ ಖಂಡ್ಯಾ, ಗುಂಪಾಗಿ ಓಡಾಡುವ ಹರಟೆಮಲ್ಲ ಸಾತಭಾಯಿ. ನವಿಲನ್ನು ನೋಡಿ ಪುಕ್ಕ ಕೆದರಿತೆಂದು ನಮ್ಮ ಗಾದೆ ನಗುವ ಕೆಂಬೂತ ಇಲ್ಲಿ ಭಾರದ್ವಾಜ! ಬೆಳಿಗ್ಗೆ ಕಂಡರೆ ಶುಭ ಎನ್ನುತ್ತಾರೆ. ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮತ್ತು ಸೊಲ್ಲಾಪುರದಲ್ಲೇ ಹುಟ್ಟಿದ ಮಾರುತಿ ಚಿತಮಪಲ್ಲಿಯವರ ಮರಾಠಿ ‘ಪಕ್ಷಿಕೋಶ’, ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಮಾತಾಡುವ ಕುರುಬರು, ರೈತರು ಸಿಗುತ್ತಾರೆ. ಅವರು ಹೇಳುವ ಹೆಸರು ಪುಸ್ತಕದಲ್ಲಿ ಇರಲಿ, ಬಿಡಲಿ, ಊರು ಮತ್ತು ತಾರೀಖಿನೊಂದಿಗೆ ಬರೆದುಕೊಳ್ಳಿ. ಹಕ್ಕಿ ಕಾಣದಾದರೆ ಅದರ ಹೆಸರೂ ಹಿರಿಯರ ಜೊತೆಗೇ ಹೋಗುತ್ತದೆ. ಮಾಳಢೋಕ್ ಹಕ್ಕಿಯದು ಅದೇ ಕಥೆ. ಕನ್ನಡದಲ್ಲಿ ಅದು ಎರೆಭೂತ, ಎರ್ಲಡ್ಡು. ಆದವಾನಿ, ಕರ್ನೂಲು ಕಡೆ ತೆಲುಗಿನಲ್ಲಿ ಬಟ್ಟಮೇಕ. ‘ಮಾಳ’, ‘ಎರೆ’ ಎಂಬ ಮಾತುಗಳೇ ಅದು ಬದುಕುವ ನೆಲವನ್ನು ಹೇಳುತ್ತವೆ.

ಅದಕ್ಕಾಗಿಯೇ 1979ರಲ್ಲಿ ಆದ ಅಭಯಾರಣ್ಯದ ಭಾಗ ನಾನ್ನಜ್, ನಗರದಿಂದ ಬಾರ್ಶಿ ದಾರಿಯಲ್ಲಿ ಸುಮಾರು 20 ಕಿ.ಮೀ. ಮಾಳಢೋಕ್ ಈಗ ತೀರಾ ಅಪರೂಪ. ಅದನ್ನೇ ನೋಡುವ ಹಟದಿಂದ ಹೋಗಬೇಡಿ. ಕೃಷ್ಣಮೃಗ, ನೆಲಗುಬ್ಬಿ, ಚಳಿಗಾಲದಲ್ಲಿ ಹುಲ್ಲಿನ ಮೇಲೆ ತಗ್ಗಾಗಿ ತೇಲುವ ಹ್ಯಾರಿಯರ್ ಗಿಡುಗಗಳು ಕಾಣುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಲುದಾರಿ ಬಿಡದೆ ನಡೆಯಿರಿ. ನೆಲಗುಬ್ಬಿಯೂ ಟಿಟವಿಯೂ (ನಮ್ಮ ತೇನೆಹಕ್ಕಿ) ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಮಣ್ಣಿನ ಬಣ್ಣದ ಮೊಟ್ಟೆ ಕಾಲಡಿ ಸಿಕ್ಕರೂ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವ ಚಾಳಿಯಂತೂ ಬೇಡವೇ ಬೇಡ.

ರಾಜಹಂಸ (ಮರಾಠಿಯಲ್ಲಿ ರೋಹಿತ) ನೋಡಬೇಕಾದರೆ ಪುಣೆ ದಾರಿಯ ಭಿಗವಣಕ್ಕೆ ಹೋಗಬೇಕು. ಉಜನಿ ಅಣೆಕಟ್ಟಿನ ಹಿನ್ನೀರು ಇಳಿದು ಕೆಸರು ತೇಲಿದ ಮೇಲೆ ಅವು ಮೇಯುತ್ತವೆ.

ದೂರ ಹೋಗಲಾಗದವರು ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಮನೆಯ ಮಾಳಿಗೆಯಿಂದಲೇ ಎಣಿಸಬಹುದು. ಕನಿಷ್ಠ 15 ನಿಮಿಷ ನೋಡಿ, ಕಂಡದ್ದನ್ನು ಇ-ಬರ್ಡ್‌ನಲ್ಲಿ ದಾಖಲಿಸಬೇಕು. ಗುಬ್ಬಿ, ಪಾರಿವಾಳ, ಕಾಗೆಯೂ ಲೆಕ್ಕಕ್ಕೆ ಬರುತ್ತವೆ.