ಆಟ ಮೊದಲು, ಅಂಪೈರ್ ಆಮೇಲೆ

ಸಂಶೋಧನೆಗಾಗಿ 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯನ್ನು ತೆರೆದಾಗಲೆಲ್ಲ ಅದರ ಆರಂಭದ ಅಂಕಿಗಳ ಬಳಿ ನಿಂತುಬಿಡುತ್ತೇನೆ. ಆಗ ಇಡೀ ದೇಶದಲ್ಲಿದ್ದದ್ದು ಸುಮಾರು 80 ಲಕ್ಷ ದೂರವಾಣಿಗಳು. ಅರ್ಜಿ ಹಾಕಿ ಕಾಯುತ್ತಿದ್ದವರು 25 ಲಕ್ಷ. ನೂರು ಜನರಿಗೆ ಒಂದು ಫೋನೂ ಇರಲಿಲ್ಲ.

ತಂತ್ರಜ್ಞಾನ ನಮಗೆ ಅಪರಿಚಿತವೇನಲ್ಲ. ಬೆಂಗಳೂರಿನಲ್ಲಿ 1948ರಿಂದ ಐಟಿಐ ಕಾರ್ಖಾನೆ ಇತ್ತು. ಸಿ-ಡಾಟ್ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಬಂದದ್ದು ನಮ್ಮ ಕಿತ್ತೂರಿಗೆ. ಸಾಲದೆ ಹೋದದ್ದು ಬಂಡವಾಳ. ಹಾಗಾಗಿ ಖಾಸಗಿಯವರಿಗೆ ಬಾಗಿಲು ತೆರೆಯಿತು.

ಆದರೆ ಬಾಗಿಲ ಕೀಲಿ 1885ರ ಟೆಲಿಗ್ರಾಫ್ ಕಾಯ್ದೆಯದೇ. ದೂರಸಂಪರ್ಕ ಸರ್ಕಾರದ ಏಕಸ್ವಾಮ್ಯ, ಉಳಿದವರಿಗೆ ಲೈಸೆನ್ಸ್ ಎಂದ ವಸಾಹತುಶಾಹಿ ಕಾನೂನು ಅದು. ನೀತಿ ರೂಪಿಸುವುದು, ಲೈಸೆನ್ಸ್ ಕೊಡುವುದು, ತಾನೇ ಫೋನ್ ಸೇವೆ ನಡೆಸುವುದು ಎಲ್ಲವೂ ಒಂದೇ ಇಲಾಖೆಯ ಕೈಯಲ್ಲಿತ್ತು. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದೂರಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದಾಗ ನಿಯಂತ್ರಣ ಪ್ರಾಧಿಕಾರವೇ ಹುಟ್ಟಿರಲಿಲ್ಲ. ಟ್ರಾಯ್ ಬಂದದ್ದು 1997ರಲ್ಲಿ.

ಅಷ್ಟರಲ್ಲಿ ಕಂಪನಿಗಳು ಪೈಪೋಟಿಗೆ ಬಿದ್ದು ಭಾರೀ ಶುಲ್ಕ ಕೂಗಿದ್ದವು. ಒಳಬರುವ ಕರೆಗೂ ಹಣ ತೆರಬೇಕಿದ್ದ ಕಾಲದಲ್ಲಿ ಗ್ರಾಹಕರು ಎಲ್ಲಿಂದ ಬರಬೇಕು? ಬಾಕಿ ಬೆಳೆಯಿತು, ವ್ಯಾಜ್ಯಗಳೂ ಬೆಳೆದವು. ಸರ್ಕಾರದ ಲೈಸೆನ್ಸ್ ಅಧಿಕಾರವನ್ನು ಟ್ರಾಯ್ ಕಟ್ಟಿಹಾಕಲಾಗದು ಎಂದು 1998ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅಂಪೈರ್ ಬಂದಿದ್ದರೂ ಅವನ ಬೆರಳಿಗೆ ಬೆಲೆ ಇರಲಿಲ್ಲ.

1999ರ ಹೊಸ ನೀತಿ ನಿಗದಿತ ಶುಲ್ಕದ ಬದಲು ಆದಾಯದಲ್ಲಿ ಪಾಲು ಕೇಳಿತು. 2000ದಲ್ಲಿ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಮಂಡಳಿ ಬಂತು. ಸೇವೆ ಇಲಾಖೆಯಿಂದ ಬೇರ್ಪಟ್ಟು ಬಿಎಸ್‌ಎನ್‌ಎಲ್ ಆಯಿತು. 2003ರಲ್ಲಿ ಒಳಕರೆ ಉಚಿತವಾಯಿತು. ಮೊಬೈಲ್ ಜನಸಾಮಾನ್ಯರ ಜೇಬಿಗೆ ಇಳಿದದ್ದು ಇದಾದ ಮೇಲೆ.

ಉದಾರೀಕರಣವೆಂದರೆ ಸರ್ಕಾರ ಹಿಂದೆ ಸರಿಯುವುದು ಎಂಬ ಸಾಮಾನ್ಯ ನಂಬಿಕೆಯನ್ನು ಈ ಚರಿತ್ರೆ ಒಪ್ಪುವುದಿಲ್ಲ. ಇಲ್ಲಿ ಸರ್ಕಾರ ತನ್ನ ಪಾತ್ರಗಳನ್ನು ಬಿಡಿಸಿಕೊಳ್ಳಲು ಕಲಿಯಬೇಕಾಯಿತು. ಪಾಠ ಪೂರ್ತಿಯಾಗಲಿಲ್ಲ: ಲೈಸೆನ್ಸ್ ಅಧಿಕಾರ ಇಲಾಖೆಯಲ್ಲೇ ಉಳಿಯಿತು, 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನು ರದ್ದುಮಾಡಿತು.

1885ರ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಡಜನ್‌ಗಟ್ಟಲೆ ಆಟಗಾರರಿದ್ದ ಅಂಗಳದಲ್ಲಿ ಈಗ ಉಳಿದ ದೊಡ್ಡ ಖಾಸಗಿ ಮೊಬೈಲ್ ಕಂಪನಿಗಳು ಮೂರೇ. ಆಟಗಾರರು ಕಡಿಮೆಯಾದಷ್ಟೂ ಅಂಪೈರ್ ಯಾರ ಮಾತು ಕೇಳುತ್ತಾನೆ ಎಂಬುದನ್ನು ನಾವು ಹೆಚ್ಚು ಗಮನಿಸಬೇಕಾಗುತ್ತದೆ.