ಹೆದ್ದಾರಿ ಬಂತು, ಊರು ಬದಿಗೆ ಸರಿಯಿತು

ಬೀದರ್ ಜಿಲ್ಲೆಯ ಹುಮನಾಬಾದ್ ಹಳೆಯ ಲಾರಿ ಚಾಲಕರಿಗೆ ಚಿರಪರಿಚಿತ ಹೆಸರು. ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ ದಾರಿಯೂ ಬೀದರಿನಿಂದ ಕಲಬುರಗಿಗೆ ಇಳಿಯುವ ದಾರಿಯೂ ಇಲ್ಲಿ ಒಂದನ್ನೊಂದು ದಾಟುತ್ತವೆ. ಹುಡಗಿ, ರಾಜೇಶ್ವರ, ಹಳ್ಳಿಖೇಡದಂಥ ಸುತ್ತಲಿನ ಊರುಗಳ ರೈತರಿಗೆ ಸಂತೆ, ಕಚೇರಿ, ಬಸ್ಸು ಎಲ್ಲಕ್ಕೂ ಹುಮನಾಬಾದೇ ಗತಿಯಾಗಿದ್ದ ಕಾಲವೊಂದಿತ್ತು. ದೂರದ ಲಾರಿಗಳು ಊರಿನ ಹೊಟ್ಟೆಯೊಳಗಿಂದಲೇ ಹಾಯ್ದು ಹೋಗುತ್ತಿದ್ದವು. ನಿಂತ ಲಾರಿಗೊಂದು ಚಹಾ, ಪಂಕ್ಚರಾದ ಚಕ್ರಕ್ಕೊಂದು ತೇಪೆ, ಚಾಲಕನಿಗೆ ರೊಟ್ಟಿ ಮತ್ತು ಮಲಗಲೊಂದು ಹೊರಸು. ಇವುಗಳ ಮೇಲೆ ನೂರಾರು ಒಲೆಗಳು ಉರಿಯುತ್ತಿದ್ದವು.

ಈಗ ನಾಲ್ಕು ಪಥದ ಹೆದ್ದಾರಿ ಊರಿನ ಹೊರವಲಯದಲ್ಲಿ ಹಾಯುತ್ತದೆ. ಹಳೆಯ ರಸ್ತೆಯ ಬದಿಯಲ್ಲಿ ಚಹಾ ಮಾರುತ್ತಿದ್ದ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ಇಡೀ ಚರಿತ್ರೆಯನ್ನು ಹೇಳಿ ಮುಗಿಸಿದರು: “ಮೊದ್ಲ ಗಾಡಿ ನಿಂದಿರತಿದ್ದವ್ರಿ, ಈಗ ಬರೇ ಸಪ್ಪಳ ಕೇಳಸ್ತದ.”

ರಸ್ತೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಿಲೋಮೀಟರುಗಳಲ್ಲಿ, ಕೋಟಿ ರೂಪಾಯಿಗಳಲ್ಲಿ, ಉದ್ಘಾಟನೆಯ ಫಲಕಗಳಲ್ಲಿ ಓದುತ್ತೇವೆ. ಆದರೆ ಯಾವ ಊರು ದಾರಿಗೆ ಬಂತು, ಯಾವ ಊರು ದಾರಿಯಿಂದ ಹೊರಗೆ ಬಿತ್ತು ಎಂಬ ಲೆಕ್ಕವೂ ಚರಿತ್ರೆಯೇ. ಆ ಲೆಕ್ಕವನ್ನು ಬರೆದಿಟ್ಟವರು ಕಡಿಮೆ.

ಕಲ್ಯಾಣದ ದಾರಿಗಳು

ಈ ನೆಲಕ್ಕೆ ದಾರಿ ಹೊಸತಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರು ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿ ಮಾಡಿಕೊಂಡ ಮೇಲೆ ನಾಲ್ಕು ದಿಕ್ಕಿನಿಂದಲೂ ಜನ ಇಲ್ಲಿಗೆ ಬಂದರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರನ್ನು ಅರಸಿ ಕಾಶ್ಮೀರ, ಸೌರಾಷ್ಟ್ರಗಳಿಂದಲೂ ಶರಣರು ಬಂದರೆಂದು ಸಂಪ್ರದಾಯ ಹೇಳುತ್ತದೆ. ಮುಂದೆ ಬಹಮನಿ ಸುಲ್ತಾನರ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬದಲಾಯಿತು. 1472ರಲ್ಲಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದ್ರಸಾಕ್ಕೆ ದೂರ ದೇಶಗಳ ವಿದ್ವಾಂಸರು ಬಂದರು. ದೆಹಲಿಯಿಂದ ದಖ್ಖನಿಗೆ ಬಂದು ಕಲಬುರಗಿಯಲ್ಲಿ ನೆಲೆಸಿದ ಖ್ವಾಜಾ ಬಂದೇನವಾಜರ ಉರುಸಿಗೂ, ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿರುವ ಮಾಣಿಕಪ್ರಭುಗಳ ಸನ್ನಿಧಿಗೂ ಜನ ಜಾತಿಮತ ಕೇಳದೆ ನಡೆದರು, ಬಂಡಿ ಹೂಡಿದರು.

ಆ ಕಾಲದ ದಾರಿಗೂ ಇಂದಿನ ಹೆದ್ದಾರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಂದಿನ ದಾರಿ ಊರಿನಿಂದ ಊರಿಗೆ ಹೋಗುತ್ತಿತ್ತು. ದಾರಿಹೋಕನಿಗೆ ನೀರು, ನೆರಳು, ತಂಗಲು ಜಾಗ ಬೇಕಿತ್ತು. ಬಾವಿ, ಅರವಟ್ಟಿಗೆ, ಸರಾಯಿ, ಮುಸಾಫಿರ್‌ಖಾನೆ, ಛತ್ರಗಳು ರಸ್ತೆಯ ಅಂಗಗಳೇ ಆಗಿದ್ದವು. ಅವನ್ನು ಕಟ್ಟಿಸುವುದು ಎಲ್ಲ ಧರ್ಮದವರಿಗೂ ಪುಣ್ಯದ ಕೆಲಸವಾಗಿತ್ತು. ಪ್ರಯಾಣಿಕನಿಗೆ ಊರು ಬೇಕಿತ್ತು, ಊರಿಗೆ ಪ್ರಯಾಣಿಕ ಬೇಕಿತ್ತು.

ನಿಜಾಮರ ಬಸ್ಸು, ಸೇನೆಯ ದಾರಿ

ಮೋಟಾರು ಬಂದದ್ದು ನಿಜಾಮರ ಕಾಲದಲ್ಲಿ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸು ಮತ್ತು 166 ನೌಕರರೊಂದಿಗೆ ಆರಂಭವಾಯಿತು. ಸರ್ಕಾರವೇ ಬಸ್ಸು ಓಡಿಸುವ ಪದ್ಧತಿಗೆ ಈ ದೇಶದಲ್ಲಿ ಅದು ಮೊದಲ ಹೆಜ್ಜೆಗಳಲ್ಲೊಂದು. ಬ್ರಿಟಿಷ್ ಭಾರತದಲ್ಲಿಯೂ ಅದೇ ವೇಳೆಗೆ ರಸ್ತೆಯ ಬಗ್ಗೆ ಚಿಂತನೆ ಶುರುವಾಗಿತ್ತು. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಕೇಂದ್ರ ರಸ್ತೆ ನಿಧಿ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದವು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರರು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂಬ ವಿಂಗಡಣೆ ಮಾಡಿದರು. ಬೇಸಾಯದ ಸೀಮೆಯ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದು ಎಂಬುದು ಆ ನಾಗಪುರ ಯೋಜನೆಯ ಗುರಿಯಾಗಿತ್ತು. ಗಮನಿಸಿ, ಅಲ್ಲಿ ಹೆದ್ದಾರಿಯ ವೇಗದಷ್ಟೇ ಹಳ್ಳಿಯ ದೂರವೂ ಲೆಕ್ಕಕ್ಕಿತ್ತು.

ಸೊಲ್ಲಾಪುರ–ಹೈದರಾಬಾದ್ ರಸ್ತೆಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1948ರ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆಯ ಮುಖ್ಯ ಪಡೆ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕದ್ದು ಇದೇ ದಾರಿಯಲ್ಲಿ. 13ರಂದು ನಳದುರ್ಗ, 14ರಂದು ರಾಜೇಶ್ವರ, ಆಮೇಲೆ ಜಹೀರಾಬಾದ್. 17ರಂದು ಕದನ ವಿರಾಮ, 18ರಂದು ಶರಣಾಗತಿ. ಅದಕ್ಕೆ ಮೊದಲು ರಜಾಕಾರರ ದೌರ್ಜನ್ಯಕ್ಕೆ ಈ ಸೀಮೆಯ ಹಳ್ಳಿಗಳು ನಲುಗಿದ್ದವು. ಅದೇ ವರ್ಷ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಜನ ಮರೆತಿಲ್ಲ. ಸೇನಾ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಪ್ರತೀಕಾರ ನಡೆಯಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ಬಾಧಿತವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲ್ಬರ್ಗಾ ಎರಡೂ ಇದ್ದವು. ಆ ವರದಿ ಸಾರ್ವಜನಿಕರ ಕೈಗೆ ಬಂದದ್ದು 2013ರಲ್ಲಿ. ಎರಡೂ ಕಡೆಯ ಅಮಾಯಕರು ಓಡಿ ಪ್ರಾಣ ಉಳಿಸಿಕೊಳ್ಳಲು ನೋಡಿದ ದಾರಿಗಳೂ ಇವೇ. ರಸ್ತೆ ಎಂದರೆ ಬರೀ ಡಾಂಬರಲ್ಲ ಎಂಬುದಕ್ಕೆ ಇಷ್ಟು ಸಾಕು.

ಒಂದು ರಸ್ತೆ, ಮೂರು ರಾಜ್ಯ

1956ರಲ್ಲಿ ಎರಡು ಸಂಗತಿಗಳು ನಡೆದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ ಬೊಂಬಾಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ್, ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣ, ಔರಾದ್ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ವರ್ಷ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ ಬಂತು. ಪುಣೆ–ಸೊಲ್ಲಾಪುರ–ಹೈದರಾಬಾದ್–ವಿಜಯವಾಡ ರಸ್ತೆ ಅದರ ಪಟ್ಟಿಯಲ್ಲಿ 9ನೇ ಸಂಖ್ಯೆಯ ಹೆದ್ದಾರಿಯಾಯಿತು. ಮುಂದೆ ಮಚಲೀಪಟ್ಟಣದವರೆಗೆ ಬೆಳೆದ ಈ ಹೆದ್ದಾರಿಯ ಒಟ್ಟು ಉದ್ದ 841 ಕಿ.ಮೀ. ಅದರಲ್ಲಿ ಕರ್ನಾಟಕದ ಪಾಲು 75 ಕಿ.ಮೀ. ಮಾತ್ರ. ಅಷ್ಟೂ ಬೀದರ್ ಜಿಲ್ಲೆಯಲ್ಲಿದೆ.

ರಾಜ್ಯದ ಗಡಿಗಳು ಬದಲಾದರೂ ಜನರ ಬದುಕಿನ ದಿಕ್ಕು ಬದಲಾಗಲಿಲ್ಲ. ಬೆಂಗಳೂರು 600 ಕಿಲೋಮೀಟರಿಗೂ ಆಚೆ. ಆಸ್ಪತ್ರೆ, ಕೂಲಿ, ಕಾಲೇಜು, ತೊಗರಿ–ಕಡಲೆಯ ವ್ಯಾಪಾರ, ಮದುವೆಯ ಜವಳಿ, ಎಲ್ಲಕ್ಕೂ ಹೈದರಾಬಾದ್ ಅಥವಾ ಸೊಲ್ಲಾಪುರವೇ ಹತ್ತಿರ. ಬೀದರ್–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 2017ರಲ್ಲಿ. ಅಲ್ಲಿಯವರೆಗೆ ಹುಮನಾಬಾದಿನ ಜೀವನಾಡಿ ರಸ್ತೆಯೊಂದೇ. ಹುಬ್ಬಳ್ಳಿ, ವಿಜಾಪುರ, ಗುಲ್ಬರ್ಗಾ ಮಾರ್ಗವಾಗಿ ಬರುವ 218ನೇ ಹೆದ್ದಾರಿಯೂ ಇಲ್ಲಿಯೇ ಬಂದು ಮುಗಿಯುತ್ತಿತ್ತು. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ 9 ಹೋಗಿ 65 ಆಯಿತು, ಕಲಬುರಗಿ ದಾರಿ 50 ಆಯಿತು.

ಬಸವಕಲ್ಯಾಣದ ಕತೆ ಸ್ವಲ್ಪ ಬೇರೆ. ಹೆದ್ದಾರಿ ಆ ಊರನ್ನು ಮುಟ್ಟದೆ ಕೆಲವು ಕಿಲೋಮೀಟರ್ ಆಚೆ ಹಾಯುತ್ತದೆ. ಚಾಲುಕ್ಯರ ರಾಜಧಾನಿ ಒಳಗುಳಿಯಿತು, ಜನ ‘ಬಂಗ್ಲಾ’ ಎಂದು ಕರೆಯುವ ಕೂಡುರಸ್ತೆ ಅದರ ಹೆಬ್ಬಾಗಿಲಾಯಿತು. ಈ ಊರಿನಲ್ಲಿ ಲಾರಿಯನ್ನೇ ನಂಬಿದ ಮನೆಗಳು ಬಹಳ. ಒಬ್ಬ ಮಗ ಚಾಲಕ, ಇನ್ನೊಬ್ಬ ಮೆಕ್ಯಾನಿಕ್, ಅಳಿಯ ಕ್ಲೀನರ್. ಹೆದ್ದಾರಿಯ ಏಳುಬೀಳು ಅವರ ಮನೆಯ ಏಳುಬೀಳು.

ಬೈಪಾಸ್ ಎಂಬ ಕಲ್ಪನೆ

ಮೋಟಾರಿಗೇ ಮೀಸಲಾದ ಹೆದ್ದಾರಿ ಎಂಬ ಕಲ್ಪನೆ ಯುರೋಪಿನದು. 1924ರಲ್ಲಿ ಇಟಲಿಯ ಮಿಲಾನಿನಿಂದ ಸರೋವರಗಳ ಸೀಮೆಗೆ ಇಂಥ ರಸ್ತೆ ತೆರೆಯಿತು. ಬ್ರಿಟನ್ನಿನ ಮೊದಲ ಮೋಟಾರುಮಾರ್ಗ 1958ರ ಡಿಸೆಂಬರಿನಲ್ಲಿ ತೆರೆದ ಪ್ರೆಸ್ಟನ್ ಬೈಪಾಸ್. ಅಂದರೆ ಅಲ್ಲಿ ಮೋಟಾರುಮಾರ್ಗದ ಚರಿತ್ರೆ ಶುರುವಾದದ್ದೇ ಒಂದು ಊರನ್ನು ತಪ್ಪಿಸಿ ಹೋಗುವುದರಿಂದ. ಅಮೆರಿಕದಲ್ಲಿ 1956ರ ಕಾಯ್ದೆಯ ನಂತರ ಹೆದ್ದಾರಿಗಳು ನಗರಗಳನ್ನು ಸೀಳಿಕೊಂಡು ಹೋದವು. ಸೇಂಟ್ ಪಾಲ್ ನಗರದ ರೋಂಡೋ ಎಂಬ ಕರಿಯರ ಬಡಾವಣೆ ಹೆದ್ದಾರಿಯ ಅಡಿಗೆ ಹೋಯಿತು. ಎಲ್ಲಿ ಬಾಯಿಲ್ಲದವರು ಇರುತ್ತಾರೋ ನಕ್ಷೆಯ ಗೆರೆ ಅಲ್ಲಿಗೆ ಸುಲಭವಾಗಿ ವಾಲುತ್ತದೆ ಎಂಬುದು ಅಲ್ಲಿಯ ಪಾಠ.

ನಮ್ಮಲ್ಲಿ 1988ರ ಕಾಯ್ದೆಯಂತೆ ಹೆದ್ದಾರಿ ಪ್ರಾಧಿಕಾರ ರಚನೆಯಾಗಿ 1995ರಿಂದ ಕೆಲಸ ಆರಂಭಿಸಿತು. 1999ರ ಜನವರಿಯಲ್ಲಿ ವಾಜಪೇಯಿ ಬೆಂಗಳೂರಿನಲ್ಲಿ ಸುವರ್ಣ ಚತುಷ್ಪಥದ ಯುಗಕ್ಕೆ ನಾಂದಿ ಹಾಡಿದರು. ಬೀದರಿನ ಪಾಳಿ ಬಂದದ್ದು 2010ರ ದಶಕದಲ್ಲಿ. ಮಹಾರಾಷ್ಟ್ರ–ಕರ್ನಾಟಕ ಗಡಿಯಿಂದ ಸಂಗಾರೆಡ್ಡಿಯವರೆಗೆ ಸುಮಾರು 145 ಕಿ.ಮೀ. ರಸ್ತೆ ಖಾಸಗಿ ಬಂಡವಾಳದ ಟೋಲ್ ಪದ್ಧತಿಯಲ್ಲಿ ನಾಲ್ಕು ಪಥವಾಯಿತು.

ಇದರಿಂದ ಲಾಭವಾಗಿಲ್ಲವೆಂದರೆ ಸುಳ್ಳಾದೀತು. ಹೃದಯಾಘಾತವಾದವರನ್ನು ಹೈದರಾಬಾದಿನ ಆಸ್ಪತ್ರೆಗೆ ಒಯ್ಯುವ ಆಂಬ್ಯುಲೆನ್ಸಿಗೆ ಉಳಿದ ಪ್ರತಿ ನಿಮಿಷವೂ ಜೀವ. ಊರೊಳಗಿನ ಧೂಳು, ಹೊಗೆ, ಶಾಲೆಯ ಮಕ್ಕಳ ಮೇಲೆ ಲಾರಿ ಹಾಯುವ ಭಯ ಕಡಿಮೆಯಾಯಿತು. ಆದರೆ ನಷ್ಟದ ಬಾಬ್ತೂ ಇದೆ. ಈ ಸೀಮೆಯ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಭಾರಿ ರಸ್ತೆ ನಿಲ್ಲಬೇಕಾದರೆ ಬೇರೆ ಮಣ್ಣು ತಂದು ಎತ್ತರಕ್ಕೆ ಏರಿ ಹಾಕಬೇಕು. ಏರಿ ಎತ್ತರವಾದಷ್ಟೂ ಮಳೆನೀರಿನ ಸಹಜ ಹರಿವು ತಪ್ಪುತ್ತದೆ. ಮೋರಿ ಸಾಲದಿದ್ದರೆ ಒಂದು ಬದಿಯ ಹೊಲ ಕೆರೆಯಾಗುತ್ತದೆ. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆಯಾದ ರೈತ ದಾಟುದಾರಿಗಾಗಿ ದೂರ ಸುತ್ತಬೇಕು. ಇಲ್ಲವೇ ಜೀವದ ಹಂಗು ತೊರೆದು ವಿಭಜಕ ಹಾರಬೇಕು. ಎದುರು ದಿಕ್ಕಿನಿಂದ ಬರುವ ಬೈಕಿನವನನ್ನು ನಾವು ಬಯ್ಯುತ್ತೇವೆ. ಅವನಿಗೆ ಸರ್ವಿಸ್ ರಸ್ತೆ ಇತ್ತೇ ಎಂದು ಕೇಳುವುದಿಲ್ಲ.

ಪರಿಹಾರ ಯಾರಿಗೆ?

ಭೂಮಿ ಕಳೆದುಕೊಂಡವರ ಕತೆ ಕಾನೂನಿನ ಪುಟಗಳಲ್ಲಿದೆ. 1894ರ ಭೂಸ್ವಾಧೀನ ಕಾಯ್ದೆಯಲ್ಲಿ, ಒಲ್ಲದ ಮನಸ್ಸಿನಿಂದ ನೆಲ ಬಿಡುವವನಿಗೆ ಬೆಲೆಯ ಮೇಲೆ ‘ಸೊಲೇಶಿಯಂ’ ಎಂಬ ಹೆಚ್ಚುವರಿ ಮೊತ್ತವಿತ್ತು. 1984ರ ನಂತರ ಅದು ಶೇ. 30. ಆದರೆ 1997ರಲ್ಲಿ ಹೆದ್ದಾರಿ ಕಾಯ್ದೆಗೆ ತಂದ ತಿದ್ದುಪಡಿ ಹೆದ್ದಾರಿಗೆ ಹೋಗುವ ಭೂಮಿಗೆ ಈ ಮೊತ್ತವನ್ನು ತಪ್ಪಿಸಿತು. ಅದೇ ರೈತ, ಅದೇ ನೆಲ. ಕೆರೆಗೆ ಹೋದರೆ ಒಂದು ಪರಿಹಾರ, ಹೆದ್ದಾರಿಗೆ ಹೋದರೆ ಇನ್ನೊಂದು! ಈ ತಾರತಮ್ಯ ಸಲ್ಲದೆಂದು 2002ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2013ರ ಹೊಸ ಕಾಯ್ದೆಯ ಪರಿಹಾರದ ನಿಯಮಗಳು 2015ರಿಂದ ಹೆದ್ದಾರಿಗೂ ಅನ್ವಯವಾದವು, ಸೊಲೇಶಿಯಂ ಶೇ. 100 ಆಯಿತು. 1997ರಿಂದ 2015ರ ನಡುವೆ ಭೂಮಿ ಕಳೆದುಕೊಂಡವರಿಗೂ ಸೊಲೇಶಿಯಂ ಮತ್ತು ಬಡ್ಡಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಈ ಸಂಗತಿ ಎಷ್ಟು ಹಳ್ಳಿಗಳಿಗೆ ಮುಟ್ಟಿದೆ? ಹಳೆಯ ನೋಟಿಸನ್ನು ಟ್ರಂಕಿನಲ್ಲಿ ಇಟ್ಟುಕೊಂಡ ಕುಟುಂಬಗಳು ಒಮ್ಮೆ ಅದನ್ನು ತೆಗೆದು ವಕೀಲರಿಗೆ ತೋರಿಸುವುದು ಒಳಿತು.

ಇದು ಪಹಣಿಯಲ್ಲಿ ಹೆಸರಿದ್ದವರ ಮಾತಾಯಿತು. ಹೆಸರೇ ಇಲ್ಲದವರ ಗತಿ ಏನು? ರಸ್ತೆಬದಿಯ ಪಂಕ್ಚರ್ ಅಂಗಡಿ, ಚಹಾದ ಗೂಡಂಗಡಿ, ಹಣ್ಣಿನ ಗಾಡಿ, ಟಾರ್ಪಾಲು ಹೊಲಿಯುವವನು, ಬ್ಯಾಟರಿ ರಿಪೇರಿಯವನು. ಇವರಲ್ಲಿ ಬಹುಪಾಲು ಜನ ಭೂಮಿಯಿಲ್ಲದ ಮುಸ್ಲಿಮರು, ದಲಿತರು, ಹಿಂದುಳಿದವರು. 2002ರ ಹೆದ್ದಾರಿ ಭೂಮಿ ನಿಯಂತ್ರಣ ಕಾಯ್ದೆಯ ಕಣ್ಣಿಗೆ ಇವರು ಒತ್ತುವರಿದಾರರು. 2013ರ ಕಾಯ್ದೆ ಜೀವನೋಪಾಯ ಕಳೆದುಕೊಂಡವರನ್ನೂ ಬಾಧಿತರೆಂದು ಒಪ್ಪುತ್ತದೆ ನಿಜ. ಆದರೆ ಸ್ವಾಧೀನವಾದ ಜಾಗದಲ್ಲಿ ಮೂರು ವರ್ಷ ಮೊದಲಿನಿಂದ ದುಡಿಯುತ್ತಿದ್ದುದಕ್ಕೆ ಆಧಾರ ಬೇಕು. ಅದಕ್ಕೂ ಮಿಗಿಲಾಗಿ, ಬೈಪಾಸ್ ಇವರ ಜಾಗವನ್ನು ಸ್ವಾಧೀನವೇ ಮಾಡುವುದಿಲ್ಲ. ಅಂಗಡಿ ಇದ್ದಲ್ಲಿಯೇ ಇರುತ್ತದೆ, ಗಿರಾಕಿ ಮಾತ್ರ ಬೇರೆ ದಾರಿಯಲ್ಲಿ ಹೋಗುತ್ತಾನೆ. ಈ ನಷ್ಟಕ್ಕೆ ಯಾವ ಕಾಯ್ದೆಯಲ್ಲಿಯೂ ಕಲಮಿಲ್ಲ.

ಇದು ಬೀದರಿನ ಸಮಸ್ಯೆ ಮಾತ್ರವಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗಿಟ್ಟು ಹೋಯಿತು. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ, ಚನ್ನಪಟ್ಟಣದ ಬೊಂಬೆಯ ವ್ಯಾಪಾರಿಗಳು ಗಿರಾಕಿಗಳಿಗೆ ಕಾದು ಕೂತರು. ಬೈಪಾಸನ್ನು ಅರೆಬರೆ ಮಾಡಿದರೂ ಅಪಾಯವೇ. ಹುಬ್ಬಳ್ಳಿ–ಧಾರವಾಡದ ಸುಮಾರು 30 ಕಿ.ಮೀ. ಬೈಪಾಸ್ ನಾಲ್ಕು ಪಥದ ಹೆದ್ದಾರಿಯ ನಡುವೆ ಎರಡೇ ಪಥವಾಗಿ ಉಳಿದಿತ್ತು. 2021ರ ಜನವರಿ 15ರಂದು ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರ ಗುಂಪಿನ ಹಲವರು ಪ್ರಾಣ ಕಳೆದುಕೊಂಡ ಮೇಲೆ ಅದರ ಅಗಲೀಕರಣದ ಕೂಗು ಜೋರಾಯಿತು.

ಹಾಗಾದರೆ ರಸ್ತೆ ಬೇಡವೇ? ಬೇಕು. ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ಎಲ್ಲರಿಗಿಂತ ಹೆಚ್ಚು ಬೇಕು. ಬೇಡವಾದದ್ದು, ರಸ್ತೆಯನ್ನು ಹೋಗುವವರ ದೃಷ್ಟಿಯಿಂದ ಮಾತ್ರ ನೋಡುವ ಅಭ್ಯಾಸ. ಬೈಪಾಸಿನ ನಕ್ಷೆ ತಯಾರಾಗುವಾಗಲೇ ಹಳೆಯ ರಸ್ತೆಯ ಅಂಗಡಿಗಳ ಸಮೀಕ್ಷೆ ಆಗಲಿ. ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಮಳಿಗೆಗಳ ಒಂದು ಪಾಲು ಅವರಿಗೇ ಮೀಸಲಾಗಲಿ. ಹಳ್ಳಿಗೊಂದು ಕೆಳಸೇತುವೆ, ಸಾಕಷ್ಟು ಮೋರಿ, ಬದಿಗೊಂದು ಸರ್ವಿಸ್ ರಸ್ತೆ ಮೊದಲ ದಿನದ ಅಂದಾಜಿನಲ್ಲಿಯೇ ಇರಲಿ. ಕಡಿದ ಮರಗಳ ಬದಲಿಗೆ ನೆರಳು ಕೊಡುವ ಮರಗಳು ಬರಲಿ. ವಿಭಜಕದ ಹೂಗಿಡ ದಾರಿಹೋಕನಿಗೆ ನೆರಳಾಗದು.

ಹಿಂದಿನ ಕಾಲದವರು ದಾರಿಯ ಪಕ್ಕ ಬಾವಿ ತೋಡಿಸುವಾಗ ನೀರು ಕುಡಿಯುವವನ ಹೆಸರು ಕೇಳಲಿಲ್ಲ. ನಾವು ಅಷ್ಟು ದೊಡ್ಡವರಾಗುವುದು ಬೇಡ. ಇಷ್ಟು ದಿನ ನೀರು ಕೊಟ್ಟವನು ಈಗ ಎಲ್ಲಿದ್ದಾನೆ ಎಂದು ಕೇಳುವಷ್ಟಾದರೂ ಆಗಬೇಕು.